ಶಾಸನಗಳ ದತ್ತಸಂಚಯ: ಪ್ರಶ್ನೋತ್ತರಗಳಲ್ಲಿ ಕಂಡುಬರುವ ದೋಷಗಳೂ ಅವುಗಳ ಪರಿಹಾರವೂ

ಡೇಟಾಬೇಸ್ ಎಂದು ಎಲ್ಲರೂ ಕರೆಯುವ ದತ್ತಸಂಚಯವನ್ನು ಶಾಸನಗಳ ಅಧ್ಯಯನಕ್ಕೆ ಬಳಸುವ ಪದ್ಧತಿಯು ನಮ್ಮ ವಿಭಾಗದಲ್ಲಿ ಮೊದಲಾಗಿ ಕೆಲವು ವರ್ಷಗಳಾದುವು. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯಿಂದಲೂ, 1972ರಿಂದೀಚೆಗೆ ಮೈಸೂರಿನಲ್ಲಿ ಹೊರಬಂದ ಅದರ ಪರಿಷ್ಕೃತ ಸಂಪುಟಗಳಿಂದಲೂ ಆಯ್ದ ಕೆಲವು ಸಾವಿರ ಶಾಸನಗಳ ವಿವರಗಳನ್ನು ವಿದ್ಯಾರ್ಥಿಗಳು ಕೋಷ್ಟಕಗಳಲ್ಲಿ ತುಂಬಿರುತ್ತಾರೆ. ಊರು, ಅರಸು, ಕಾಲ, ದಾನಿ, ದತ್ತಿ, ಸಾಕ್ಷಿ ಮುಂತಾದವು ಅವುಗಳಲ್ಲಿನ ಅಂಕಣಗಳು. ಸಂಪುಟಗಳನ್ನು ಪುಟಪುಟವಾಗಿ ತಿರುವಿಹಾಕಿ ತಿಂಗಳುಗಟ್ಟಲೆ ಮಾಡಬೇಕಾಗಿದ್ದ ಎಣಿಕೆಯನ್ನು ಈ ಸಾಧನವು ಕ್ಷಣಾರ್ಧದಲ್ಲಿ ಮಾಡಿಕೊಡುತ್ತದೆ. ಹಾಗೆ ಕೊಟ್ಟ ಉತ್ತರವು ಎಷ್ಟರಮಟ್ಟಿಗೆ ನಂಬತಕ್ಕುದು ಎಂಬುದೇ ಪ್ರಕೃತ ಲೇಖನದ ವಿಷಯ.

ಒಂದು ದಿನ ನಮ್ಮ ಸಂಶೋಧನ ವಿದ್ಯಾರ್ಥಿಯೊಬ್ಬರು ಕ್ರಿ. ಶ. 78ನೆಯ ವರ್ಷದ ಕನ್ನಡ ಶಾಸನಗಳ ಪಟ್ಟಿಯೊಂದನ್ನು ತಂದು ಮೇಜಿನ ಮೇಲಿಟ್ಟರು. ಹಲ್ಮಿಡಿಯ ಶಾಸನವನ್ನೇ ವಿದ್ವಾಂಸರು ಸಾಮಾನ್ಯವಾಗಿ ಕ್ರಿ. ಶ. 450ರ ಸುಮಾರಿನದೆಂದು ಹೇಳುತ್ತಾರಷ್ಟೆ. ಅದಕ್ಕೂ ನಾಲ್ಕು ಶತಮಾನಗಳ ಹಿಂದಿನ ಶಾಸನಗಳು, ಅದೂ ಒಂದಲ್ಲ, ಹತ್ತಾರು! ಸಂತೋಷಪಡುವುದಕ್ಕೆ ಮೊದಲು ಪಟ್ಟಿಯನ್ನು ಓದಿದೆವು. ಅವುಗಳಲ್ಲಿ ಹೊಯ್ಸಳ ವಿಷ್ಣುವರ್ಧನನ ಶಾಸನವೂ ಇತ್ತು. ಹುಡುಕಲಾಗಿ ಕಾರಣ ತಿಳಿಯಿತು. ಶಕವರ್ಷದ ಅಂಕಣವನ್ನು ನಾವು ಸಂಖ್ಯೆಗಳಿಗಲ್ಲದೆ ಬರಹಕ್ಕೆಂದು ಏರ್ಪಡಿಸಿದ್ದೆವು. ಕೆಲವರು ಅದರಲ್ಲಿ 1039 ಎಂದೂ ಮತ್ತೆ ಕೆಲವರು ೧೦೩೯ ಎಂದೂ ತುಂಬಿದ್ದರು. ಶಕವರ್ಷಕ್ಕೆ 78ನ್ನು ಕೂಡಿಸೆಂದು ಹೇಳಿದಾಗ ಯಂತ್ರವು ಮೊದಲಿನದನ್ನು ಸಂಖ್ಯೆಯೆಂದು ಗ್ರಹಿಸಿತು. ಕನ್ನಡ ಅಂಕಿಗಳು ಅದಕ್ಕೆ ಕೇವಲ ಅಕ್ಷರಗಳಾಗಿ ಕಂಡುವು. ಮೈಎಸ್‌ಕ್ಯೂಎಲ್ ಎಂಬ ವ್ಯವಸ್ಥೆಯಲ್ಲಿ ಸಂಖ್ಯೆಯಲ್ಲದ ಬರಹವನ್ನು ಲೆಕ್ಕಕ್ಕೆ ಸೇರಿಸಿದರೆ ಅದನ್ನು ಸೊನ್ನೆಯೆಂದು ಎಣಿಸುವುದು ವಾಡಿಕೆ. ಸೊನ್ನೆಗೆ 78 ಸೇರಿ 78 ಆಯಿತು. ಯಂತ್ರವು ಎಚ್ಚರಿಕೆಯನ್ನು ಕೊಟ್ಟೇ ಇತ್ತು, ಓದದಿದ್ದವರು ನಾವು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಇನ್ನೊಂದು ವ್ಯವಸ್ಥೆಯಾಗಿದ್ದರೆ ಇಂತಹ ಸಂಕಲನವನ್ನು ಮಾಡಲು ಒಪ್ಪದೆ ಅಲ್ಲಿಯೇ ನಿಂತುಬಿಡುತ್ತಿತ್ತು.

ಈ ಪ್ರಸಂಗದಲ್ಲಿ ನಮ್ಮನ್ನು ಕಾಪಾಡಿದ್ದು ಉತ್ತರದ ಅಸಂಭಾವ್ಯತೆ. ಅದು 78ರ ಬದಲು 878 ಎಂದಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ನಡೆಯದೆ ನಿಂತುಬಿಡುವ ಪ್ರಶ್ನೆಯು ಅರ್ಧ ದಿನವನ್ನು ಹಾಳುಮಾಡುತ್ತದೆ. ಸರಾಗವಾಗಿ ನಡೆದು ತಪ್ಪು ಉತ್ತರವನ್ನು ಕೊಡುವ ಪ್ರಶ್ನೆಯಾದರೋ ಅಚ್ಚಾದ ಲೇಖನವನ್ನು ಸೇರಿ, ಅಲ್ಲಿಂದ ಇತರರ ಲೇಖನಗಳಿಗೆ ದಾಟುತ್ತದೆ. ಆದಕಾರಣ ಮೊದಲನೆಯ ಬಗೆಯನ್ನು ಬೇಗನೆ ಮುಗಿಸಿ ಎರಡನೆಯದರಲ್ಲಿ ಹೆಚ್ಚು ಹೊತ್ತು ನಿಲ್ಲುವೆನು.

ತಂತ್ರಾಂಶವನ್ನು ಗಣಕಯಂತ್ರದಲ್ಲಿ ಸ್ಥಾಪಿಸುವಾಗ ಬರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ದೋಷಸೂಚನೆಯನ್ನು ಪೂರ್ತಿಯಾಗಿ ಓದದೆ ಇರುವುದರಿಂದ ಬೆಳೆಯುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ 2003 ಎಂಬ ಸೂಚನೆಗೂ 1045 ಎಂಬ ಸೂಚನೆಗೂ ಬಹಳ ಅಂತರವುಂಟು. ಮೊದಲನೆಯದು ಬಂದರೆ ನಾವಿನ್ನೂ ಮನೆಯ ಬಾಗಿಲನ್ನೇ ಮುಟ್ಟಿಲ್ಲವೆಂದು ಅರ್ಥ: ಸೇವೆಯು ಚಾಲನೆಯಲ್ಲಿಲ್ಲ, ಅಥವಾ ವಿಳಾಸ ತಪ್ಪು, ಅಥವಾ ನಡುವೆ ರಕ್ಷಣಾ ತಂತ್ರಾಂಶವೊಂದು ಅಡ್ಡವಿದೆ. ಎರಡನೆಯದು ಬಂದರೆ ಬಾಗಿಲನ್ನು ಮುಟ್ಟಿದ್ದೇವೆ, ಒಳಗಿನವರು ನಮ್ಮ ಹೆಸರನ್ನೋ ಗುಪ್ತಪದವನ್ನೋ ಒಪ್ಪುತ್ತಿಲ್ಲ. ಬಾಗಿಲು ಸಿಕ್ಕದವನು ಗುಪ್ತಪದವನ್ನು ಹತ್ತು ಬಾರಿ ಬದಲಾಯಿಸಿ ಏನು ಪ್ರಯೋಜನ? ಸೇವೆಯು ಆರಂಭವಾದ ಕೂಡಲೆ ನಿಂತುಹೋಗುತ್ತಿದ್ದರೆ ಅದೇ ಯಂತ್ರದಲ್ಲಿ ಹಿಂದೆ ಯಾರೋ ಸ್ಥಾಪಿಸಿ ಮರೆತ ಇನ್ನೊಂದು ಪ್ರತಿಯು ಅದೇ ದ್ವಾರಸಂಖ್ಯೆಯನ್ನು ಹಿಡಿದುಕೊಂಡು ಕುಳಿತಿದೆಯೇ ಎಂದು ನೋಡಬೇಕು. ಈ ಸಂಖ್ಯೆಯು ರೂಢಿಯಂತೆ ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ 5432. ತಟ್ಟೆ ತುಂಬಿಹೋಗಿದ್ದರೂ, ದತ್ತಾಂಶವಿರುವ ಕಡತಕೋಶವನ್ನು ತೆರೆಯುವ ಅಧಿಕಾರವು ಸೇವೆಗೆ ಇಲ್ಲದಿದ್ದರೂ ಹೀಗೆಯೇ ಆಗುವುದುಂಟು. ಇವೆಲ್ಲವನ್ನೂ ವ್ಯವಸ್ಥೆಯು ತನ್ನ ದೋಷದಾಖಲೆಯ ಕಡತದಲ್ಲಿ ಬರೆದಿಟ್ಟಿರುತ್ತದೆ. ಆ ಕಡತದ ಕೊನೆಯ ಇಪ್ಪತ್ತು ಸಾಲುಗಳನ್ನು ಓದುವುದು ಎಲ್ಲ ಉಪಾಯಗಳಿಗೂ ಮೊದಲಿನದು. ಮೈಎಸ್‌ಕ್ಯೂಎಲ್‌ನ 8.0ನೆಯ ಆವೃತ್ತಿಯು 2018ರಲ್ಲಿ ಗುಪ್ತಪದವನ್ನು ಪರಿಶೀಲಿಸುವ ರೂಢಿಯ ವಿಧಾನವನ್ನೇ ಬದಲಾಯಿಸಿದ್ದರಿಂದ, ಸರಿಯಾದ ಗುಪ್ತಪದವಿದ್ದರೂ ಹಳೆಯ ಸಂಪರ್ಕ ತಂತ್ರಾಂಶಗಳು ಒಳಗೆ ಹೋಗಲಾರದೆ ನಿಲ್ಲುವುದನ್ನು ಕಾಣಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಬೇರೊಂದು ಎಚ್ಚರ ಬೇಕು. ಅದರ ಒಂದು ಮುಖ್ಯ ಆವೃತ್ತಿಯ ದತ್ತಾಂಶ ಕಡತಗಳನ್ನು ಮುಂದಿನ ಮುಖ್ಯ ಆವೃತ್ತಿಯು ನೇರವಾಗಿ ಓದಲಾರದು. ಹಳೆಯದನ್ನು ತೆಗೆದುಹಾಕುವ ಮೊದಲು ಎಲ್ಲವನ್ನೂ ಹೊರಕ್ಕೆ ಬರೆದಿಟ್ಟುಕೊಳ್ಳತಕ್ಕದ್ದು.

ಸ್ಥಾಪನೆಯಾದ ಮೇಲೆ ಕನ್ನಡದ ಅಕ್ಷರಗಳ ತೊಂದರೆ. ಹಳೆಯ ಕೋಷ್ಟಕಗಳು ಲ್ಯಾಟಿನ್-1 ಎಂಬ ಪಾಶ್ಚಾತ್ಯ ಲಿಪಿಸಂಕೇತದಲ್ಲಿ ರಚಿತವಾಗಿದ್ದರೆ ಅವುಗಳಲ್ಲಿ ಕನ್ನಡಕ್ಕೆ ಸ್ಥಳವೇ ಇಲ್ಲ. ತುಂಬಿದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ನಿಲ್ಲುತ್ತವೆ. ಇಲ್ಲಿ ಒಂದು ವಿವೇಚನೆ ಅಗತ್ಯ. ತೆರೆಯ ಮೇಲೆ ವಿಕಾರವಾದ ಪರಭಾಷಾ ಅಕ್ಷರಗಳು ಕಂಡರೆ ಮೂಲವು ಒಳಗೆ ಇನ್ನೂ ಇರುವ ಸಂಭವವಿದೆ. ಓದುವ ಸಂಕೇತವನ್ನು ಸರಿಪಡಿಸಿದರೆ ಪಾಠವು ಮರಳಿ ಬರಬಹುದು. ಕೋಷ್ಟಕದಲ್ಲಿಯೇ ಪ್ರಶ್ನಾರ್ಥಕ ಚಿಹ್ನೆಗಳು ನೆಲೆಸಿದ್ದರೆ ಮೂಲವು ಅಳಿದುಹೋಗಿದೆ. ಕಲ್ಲಿನ ಮೇಲೆ ಸುಣ್ಣ ಬಳಿದಿರುವುದಕ್ಕೂ ಅಕ್ಷರಗಳನ್ನು ಕೆತ್ತಿಹಾಕಿರುವುದಕ್ಕೂ ಇರುವಷ್ಟು ಭೇದ ಇದು. ಮೊದಲೇ ಯುಟಿಎಫ್-8 ಸಂಕೇತವನ್ನು, ಮೈಎಸ್‌ಕ್ಯೂಎಲ್‌ನಲ್ಲಾದರೆ ಅದರ ನಾಲ್ಕು ಬೈಟುಗಳ ಪೂರ್ಣರೂಪವನ್ನು, ಆರಿಸಿಕೊಂಡರೆ ಈ ಕಷ್ಟವಿಲ್ಲ. ಕನ್ನಡಕ್ಕೆ ಮೂರು ಬೈಟುಗಳು ಸಾಕಾದರೂ ಬ್ರಾಹ್ಮೀ, ಗ್ರಂಥ, ಮೋಡಿ ಲಿಪಿಗಳಿಗೆ ನಾಲ್ಕು ಬೇಕು. ಶಾಸನಗಳಲ್ಲಿ ಕೆಲಸಮಾಡುವವರಿಗೆ ಅವು ಬೇಡವೆನ್ನುವಂತಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಕಣ್ಣಿಗೆ ಕಾಣದ ಪಾಠಭೇದ. 'ಹೊಯ್ಸಳ' ಎಂಬ ಪದದ ಮೊದಲನೆಯ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು: ಹಕಾರಕ್ಕೆ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಸೇರಿಸಿ, ಇಲ್ಲವೆ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳನ್ನು ಒಂದರ ಮುಂದೊಂದಾಗಿ ಇಟ್ಟು. ತೆರೆಯ ಮೇಲೆ ಎರಡೂ ಒಂದೇ. ಸಂಕೇತಸಂಖ್ಯೆಗಳನ್ನೇ ಹೋಲಿಸಿ ನೋಡುವ ವ್ಯವಸ್ಥೆಗೆ ಅವು ಬೇರೆ ಬೇರೆ ಪದಗಳು. ಒಂದು ರೂಪವನ್ನು ಹುಡುಕಿದರೆ ಇನ್ನೊಂದು ಸಿಕ್ಕುವುದಿಲ್ಲ, ಸಿಕ್ಕಲಿಲ್ಲವೆಂಬುದೂ ತಿಳಿಯುವುದಿಲ್ಲ. ಕೀಲಿಮಣೆಯಿಂದ ತುಂಬಿದ ಪಾಠದೊಡನೆ ಹಳೆಯ ನುಡಿ ಕಡತಗಳಿಂದ ಪರಿವರ್ತಿಸಿದ ಪಾಠವನ್ನು ಬೆರೆಸಿದ ಕಡೆಗಳಲ್ಲಿ ಇದನ್ನು ವಿಶೇಷವಾಗಿ ಸಂದೇಹಿಸಬೇಕು. ಎಲ್ಲ ಪಾಠವನ್ನೂ ಒಂದೇ ರೂಪಕ್ಕೆ ತರುವ ಸಾಮಾನ್ಯೀಕರಣ ಕ್ರಿಯೆಯು ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ 2020ರ 13ನೆಯ ಆವೃತ್ತಿಯಿಂದ ಒಳಗೇ ದೊರೆಯುತ್ತದೆ. ದೋರಸಮುದ್ರ, ದ್ವಾರಸಮುದ್ರ ಎಂಬಂತಹ ನಿಜವಾದ ಪಾಠಭೇದಗಳನ್ನು ಯಾವ ಯಂತ್ರವೂ ಒಂದುಮಾಡಲಾರದು. ಅವಕ್ಕೆ ಮೂಲರೂಪದ ಪಕ್ಕದಲ್ಲಿ ನಿಯತರೂಪದ ಅಂಕಣವೊಂದನ್ನು ನಾವೇ ಇಡಬೇಕು. ಪ್ರಾಸಂಗಿಕವಾಗಿ ಒಂದು ಮಾತು: ಹಳಗನ್ನಡದ ೞಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ 'ಫ' ಎಂಬ ತಪ್ಪು ಹೆಸರು ಬಿದ್ದಿದೆ. ಹೆಸರುಗಳನ್ನು ಬದಲಾಯಿಸಕೂಡದೆಂಬ ನಿಯಮವಿರುವುದರಿಂದ ತಿದ್ದುಪಡಿಯನ್ನು ಉಪನಾಮವಾಗಿ ಸೇರಿಸಿದ್ದಾರೆ. ಹೆಸರಿನಿಂದ ಹುಡುಕಿ ಕಾಣದೆ ಆ ಅಕ್ಷರವೇ ಇಲ್ಲವೆಂದು ಕೈಬಿಟ್ಟವರಿದ್ದಾರೆ.

ಇನ್ನು ಕಾಲದ ವಿಷಯ. ದಿನಾಂಕಕ್ಕೆಂದೇ ಮೀಸಲಾದ ಅಂಕಣವನ್ನು ಬಳಸುವ ಆಸೆ ಸಹಜ. ಆದರೆ ಮೈಎಸ್‌ಕ್ಯೂಎಲ್‌ನಲ್ಲಿ ದಿನಾಂಕದ ಅಧಿಕೃತ ವ್ಯಾಪ್ತಿಯು ಕ್ರಿ. ಶ. 1000ದಿಂದ ಮೊದಲಾಗುತ್ತದೆ. ಶಕ 465ರ, ಎಂದರೆ ಕ್ರಿ. ಶ. 543ರ, ಬಾದಾಮಿಯ ಬಂಡೆಯ ಶಾಸನಕ್ಕೂ ಶಕ 556ರ ಐಹೊಳೆಯ ಶಾಸನಕ್ಕೂ ಅಲ್ಲಿ ಎಡೆಯಿಲ್ಲ. ವ್ಯಾಪ್ತಿಯಿದ್ದರೂ ಆ ಅಂಕಣವು ತಿಂಗಳನ್ನೂ ದಿನವನ್ನೂ ಕೇಳುತ್ತದೆ. ವರ್ಷ ಮಾತ್ರ ತಿಳಿದಿರುವಾಗ ತುಂಬುವವರು ಜನವರಿ 1 ಎಂದು ಬರೆದುಬಿಡುತ್ತಾರೆ. ಶಕವರ್ಷವು ಚೈತ್ರದಿಂದ ಫಾಲ್ಗುಣದವರೆಗೆ ಎರಡು ಕ್ರಿಸ್ತವರ್ಷಗಳನ್ನು ಮುಟ್ಟುವುದರಿಂದ ಶಕ 1039 ಎಂಬುದು 1117-18. ಚಾಲುಕ್ಯ ವಿಕ್ರಮ ವರ್ಷವು 1076ರಿಂದ ಎಣಿಸತಕ್ಕದ್ದು. ಅದರ 10ನೆಯ ವರ್ಷವನ್ನು ಶಕದ ಅಂಕಣದಲ್ಲಿ ತುಂಬಿದರೆ ಆರನೆಯ ವಿಕ್ರಮಾದಿತ್ಯನು ಕ್ರಿ. ಶ. 88ರಲ್ಲಿ ಆಳುತ್ತಾನೆ. ಶಾಸನದ ಪಾಠದಲ್ಲಿ ಇರುವಂತೆಯೇ ಕಾಲನಿರ್ದೇಶಕ್ಕೆ ಒಂದು ಅಂಕಣ, ಶಕೆಯ ಹೆಸರಿಗೆ ಒಂದು, ಲೆಕ್ಕಹಾಕಿದ ಕ್ರಿಸ್ತವರ್ಷದ ಆದಿ ಮತ್ತು ಅಂತ್ಯಗಳಿಗೆ ಸಂಖ್ಯಾರೂಪದ ಎರಡು ಅಂಕಣಗಳು, ಹೀಗೆ ನಾವು ಈಗ ಇಟ್ಟುಕೊಂಡಿದ್ದೇವೆ. ವರ್ಷಗಳನ್ನು ಬರಹವಾಗಿ ಇಟ್ಟರೆ ಅಕಾರಾದಿಯಲ್ಲಿ 1010 ಎಂಬುದು 999ಕ್ಕಿಂತ ಮೊದಲು ಬರುತ್ತದೆಂಬುದೂ ನೆನಪಿನಲ್ಲಿರಲಿ.

ಸಂವತ್ಸರದ ಹೆಸರು ಮಾತ್ರವಿದ್ದು ಶಕವರ್ಷವಿಲ್ಲದ ಶಾಸನಗಳೂ, ಕಾಲದ ಭಾಗವೇ ಸವೆದುಹೋದ ಶಾಸನಗಳೂ ಬೇಕಾದಷ್ಟಿವೆ. ಸಂವತ್ಸರವು 60 ವರ್ಷಗಳಿಗೊಮ್ಮೆ ಮರಳುವುದರಿಂದ ಹೆಸರೊಂದರಿಂದಲೇ ವರ್ಷವು ನಿರ್ಧಾರವಾಗದು. ಇಂತಹ ಕಡೆ ತುಂಬತಕ್ಕದ್ದು ನಲ್ ಎಂಬ ಗುರುತು. 'ತಿಳಿಯದು' ಎಂಬುದೇ ಅದರ ಅರ್ಥ. ಸೊನ್ನೆಯನ್ನು ತುಂಬಿದರೆ ಅದು ಸುಳ್ಳು ಸಾಕ್ಷಿಯಾಗುತ್ತದೆ. ಇ. ಎಫ್. ಕಾಡ್ ಅವರ 1970ರ ಪ್ರಬಂಧದಿಂದ ಬೆಳೆದ ಈ ಕೋಷ್ಟಕ ಪದ್ಧತಿಯಲ್ಲಿ, ಇಂದಿನ ಪ್ರಶ್ನಭಾಷೆಯ ಮಟ್ಟಿಗೆ, ಹೋಲಿಕೆಯ ಫಲವು ನಿಜ, ಸುಳ್ಳು, ತಿಳಿಯದು ಎಂದು ಮೂರು ವಿಧ. ಜೈನರ ಅವಕ್ತವ್ಯವು ಇಲ್ಲಿ ನೆನಪಿಗೆ ಬಂದರೂ ಅದರ ಭಾವ ಬೇರೆ. ಯಂತ್ರವು ನಿಜವಾದುವನ್ನು ಮಾತ್ರ ಎತ್ತಿಕೊಡುತ್ತದೆ. ತಿಳಿಯದವನ್ನು ಸುಳ್ಳಿನೊಂದಿಗೆ ಕೆಳಗೆ ಬಿಡುತ್ತದೆ. 'ದಾನಿಯು ಅರಸನಾಗಿರುವ ಶಾಸನಗಳೆಷ್ಟು' ಎಂದು ಒಮ್ಮೆ, 'ದಾನಿಯು ಅರಸನಲ್ಲದ ಶಾಸನಗಳೆಷ್ಟು' ಎಂದು ಇನ್ನೊಮ್ಮೆ ಕೇಳಿ ಎರಡನ್ನೂ ಕೂಡಿಸಿ ನೋಡಿದರೆ ಒಟ್ಟು ಸಂಖ್ಯೆಯು ಬಾರದು. ದಾನಿಯ ಹೆಸರು ಅಳಿಸಿಹೋದ ಕಲ್ಲುಗಳು ಎರಡರಲ್ಲಿಯೂ ಇಲ್ಲ. ಈ ಸಂಕಲನವನ್ನು ಮಾಡಿ ನೋಡುವುದೇ ಇದರ ಪರೀಕ್ಷೆ.

ಇದೇ ತತ್ತ್ವವು ಇನ್ನೊಂದು ಕಡೆ ಬಹಳ ವಿಚಿತ್ರವಾಗಿ ತೋರಿತು. ಒಂದು ತಾಲ್ಲೂಕಿನಲ್ಲಿ ವೀರಗಲ್ಲುಗಳಿಲ್ಲದ ಊರುಗಳು ಯಾವುವೆಂದು ತಿಳಿಯಬೇಕಾಗಿತ್ತು. ವೀರಗಲ್ಲುಗಳ ಕೋಷ್ಟಕದಲ್ಲಿರುವ ಊರುಗಳ ಪಟ್ಟಿಯಲ್ಲಿ ಇಲ್ಲದವನ್ನು ಕೊಡೆಂದು 'ನಾಟ್ ಇನ್' ಎಂಬ ಪದದಿಂದ ಕೇಳಿದೆವು. ಒಂದು ಊರೂ ಬರಲಿಲ್ಲ. ಎಲ್ಲ ಊರುಗಳಲ್ಲಿಯೂ ವೀರಗಲ್ಲುಗಳಿವೆಯೆಂದು ನಂಬುವುದು ಕಷ್ಟವೇನಲ್ಲ, ನಂಬಿಯೂ ಇದ್ದೆವು. ಆದರೆ ಕೋಷ್ಟಕದ ವೀರಗಲ್ಲುಗಳಲ್ಲಿ ಒಂದನ್ನು ಎಲ್ಲಿಂದಲೋ ತಂದು ರಸ್ತೆಯ ಬದಿಯಲ್ಲಿ ನಿಲ್ಲಿಸಿದ್ದರು. ಅದರ ಮೂಲದ ಊರು ತಿಳಿಯದೆ ನಲ್ ಎಂದು ತುಂಬಿತ್ತು. ಆ ಒಂದು ಕಲ್ಲು ಯಾವ ಊರಿನದಾದರೂ ಆಗಿರಬಹುದಾದ್ದರಿಂದ, ಯಾವ ಊರನ್ನು ಕುರಿತೂ 'ಇಲ್ಲಿ ವೀರಗಲ್ಲಿಲ್ಲ' ಎಂದು ಯಂತ್ರವು ಖಚಿತವಾಗಿ ಹೇಳಲಾರದೆ ಹೋಯಿತು. ತರ್ಕದಲ್ಲಿ ಅದರದು ತಪ್ಪಿಲ್ಲ. ನಮಗಿಂತ ಹೆಚ್ಚು ಎಚ್ಚರವನ್ನೇ ತೋರಿಸಿತೆನ್ನಬೇಕು. 'ನಾಟ್ ಎಗ್ಸಿಸ್ಟ್ಸ್' ಎಂಬ ರೂಪದಲ್ಲಿ ಕೇಳಿದರೆ, ಅಥವಾ ಊರು ತಿಳಿಯದ ಕಲ್ಲುಗಳನ್ನು ಮೊದಲೇ ಬೇರೆಯಿಟ್ಟರೆ, ಬೇಕಾದ ಪಟ್ಟಿಯು ಬರುತ್ತದೆ. ಬೇರೆಯಿಟ್ಟ ಕಲ್ಲುಗಳೆಷ್ಟೆಂಬುದನ್ನು ಲೇಖನದಲ್ಲಿ ಹೇಳಬೇಕಾದುದು ನಮ್ಮ ಕರ್ತವ್ಯ.

ಈಗ ನನ್ನದೇ ತಪ್ಪನ್ನು ಹೇಳಬೇಕಾಗಿದೆ. ಶಾಸನೋಕ್ತ ಭೂದಾನಗಳ ವಿಸ್ತಾರವು ಶತಮಾನದಿಂದ ಶತಮಾನಕ್ಕೆ ಹೇಗೆ ಬದಲಾಯಿತೆಂಬುದನ್ನು ಕುರಿತು ನಾನು ಲೇಖನವೊಂದನ್ನು ಸಿದ್ಧಪಡಿಸಿದ್ದೆ. ಮತ್ತರುಗಳಲ್ಲಿ ಹೇಳಿದ ದತ್ತಿಗಳನ್ನು ಮಾತ್ರ ತೆಗೆದುಕೊಂಡು ಮೊತ್ತವನ್ನು ಕೇಳಿದಾಗ, ಹನ್ನೆರಡನೆಯ ಶತಮಾನದಿಂದ ಮುಂದಕ್ಕೆ ಅಂಕಿಗಳು ಬೆಟ್ಟವೇರಿದಂತೆ ಏರಿದುವು. ಏರಿಕೆಗೆ ಕಾರಣಗಳನ್ನೂ ಕಂಡುಕೊಂಡಿದ್ದೆ. ಕಾರಣಗಳು ಯಾವಾಗ ಬೇಕಾದರೂ ದೊರೆಯುತ್ತವಲ್ಲವೇ! ದಾನಿಗಳ ಹೆಸರುಗಳೂ ಸಾಕ್ಷಿಗಳ ಹೆಸರುಗಳೂ ಜೊತೆಗಿರಲೆಂದು ನಾನು ಪ್ರಶ್ನೆಯಲ್ಲಿ ಶಾಸನಗಳ ಕೋಷ್ಟಕಕ್ಕೆ ಆ ಎರಡು ಕೋಷ್ಟಕಗಳನ್ನೂ ಜೋಡಿಸಿದ್ದೆ. ಒಂದು ಶಾಸನದಲ್ಲಿ 12 ಮತ್ತರು ಭೂಮಿ, ಮೂವರು ದಾನಿಗಳು, ಇಬ್ಬರು ಸಾಕ್ಷಿಗಳು ಇದ್ದಾರೆಂದು ಇಟ್ಟುಕೊಳ್ಳೋಣ. ಜೋಡಣೆಯಲ್ಲಿ ಪ್ರತಿಯೊಬ್ಬ ದಾನಿಯೂ ಪ್ರತಿಯೊಬ್ಬ ಸಾಕ್ಷಿಯೊಡನೆ ಸೇರಿ ಆರು ಸಾಲುಗಳಾಗುತ್ತವೆ. ಆರು ಸಾಲುಗಳಲ್ಲಿಯೂ 12 ಮತ್ತರು ನಿಲ್ಲುತ್ತದೆ. ಮೊತ್ತ 72. ನಾವು ತುಂಬಿದ್ದ ಶಾಸನಗಳಲ್ಲಿ ಕಾಲವು ಮುಂದುವರಿದಂತೆ ಸಾಕ್ಷಿಗಳ ಪಟ್ಟಿಯೂ ಕೂಡುದಾನಿಗಳ ಪಟ್ಟಿಯೂ ಉದ್ದವಾಗುತ್ತ ಹೋಗಿದ್ದುವು. ನಾನು ಭೂದಾನದ ಏರಿಕೆಯೆಂದು ಬರೆದುದರಲ್ಲಿ ಬಹುಪಾಲು ಸಾಕ್ಷಿಗಳ ಏರಿಕೆ!

ಇದು ತಿಳಿದದ್ದು ಆಕಸ್ಮಿಕವಾಗಿ. ಒಂದು ಊರಿನ ಒಟ್ಟು ದತ್ತಿಯನ್ನು ಸಹೋದ್ಯೋಗಿಯೊಬ್ಬರು ಸಂಪುಟವನ್ನು ತೆರೆದಿಟ್ಟುಕೊಂಡು ಕೈಯಲ್ಲಿ ಕೂಡಿದರು. ನನ್ನ ಅಂಕಿಯು ಅದರ ಆರರಷ್ಟಿತ್ತು. ಲೇಖನವು ಅಚ್ಚಿಗೆ ಹೋಗುವುದಕ್ಕೆ ಹತ್ತು ದಿನಗಳಿದ್ದುವು. ಹಿಂದಕ್ಕೆ ತೆಗೆದುಕೊಂಡೆ.

ಈ ದೋಷಕ್ಕೆ ಮೊದಲು ಹೊಳೆಯುವ ಪರಿಹಾರವು ದೋಷಕ್ಕಿಂತ ಕೆಟ್ಟದ್ದು. 'ಡಿಸ್ಟಿಂಕ್ಟ್' ಎಂಬ ಪದವನ್ನು ಸೇರಿಸಿ ಒಂದೇ ಬೆಲೆಯನ್ನು ಎರಡು ಬಾರಿ ಕೂಡಬೇಡವೆಂದು ಹೇಳಿದರೆ, 12 ಮತ್ತರು ಪಡೆದ ಬೇರೆ ಬೇರೆ ಎರಡು ದೇವಸ್ಥಾನಗಳ ದತ್ತಿಗಳು ಒಂದಾಗಿ ಕರಗಿಹೋಗುತ್ತವೆ. ಆಗ ಮೊತ್ತವು ಅಧಿಕವಾಗುವ ಬದಲು ನ್ಯೂನವಾಗುತ್ತದೆ, ಮತ್ತು ಸಂಭಾವ್ಯವಾಗಿಯೂ ಕಾಣುತ್ತದೆ. ಸರಿಯಾದ ಕ್ರಮವೆಂದರೆ ದತ್ತಿಗಳ ಮೊತ್ತವನ್ನು ಶಾಸನಗಳ ಕೋಷ್ಟಕದಲ್ಲಿಯೇ ಮೊದಲು ಮಾಡಿ ಮುಗಿಸಿ, ದಾನಿಗಳ ಮತ್ತು ಸಾಕ್ಷಿಗಳ ಎಣಿಕೆಯನ್ನು ಬೇರೆಬೇರೆಯಾಗಿ ಮಾಡಿ, ಪ್ರತಿ ಶಾಸನಕ್ಕೂ ಒಂದೊಂದೇ ಸಾಲು ಉಳಿದ ಮೇಲೆ ಜೋಡಿಸುವುದು. ಜೋಡಿಸುವ ಮುನ್ನ ಎಷ್ಟು ಸಾಲುಗಳಿದ್ದುವು, ಜೋಡಿಸಿದ ಮೇಲೆ ಎಷ್ಟಾದುವು ಎಂದು ಎಣಿಸಿ ನೋಡಿದ್ದರೆ ನನ್ನ ತಪ್ಪು ಒಂದು ನಿಮಿಷದಲ್ಲಿ ಹೊರಬೀಳುತ್ತಿತ್ತು.

ನಿಧಾನದ ಬಗ್ಗೆ ದೂರುಗಳು ಬಹಳ. ಕೆಲವು ಸಾವಿರ ಸಾಲುಗಳ ಕೋಷ್ಟಕವನ್ನು ಮೊದಲಿಂದ ಕೊನೆಯವರೆಗೆ ಓದುವುದು ಯಂತ್ರಕ್ಕೆ ಭಾರವಲ್ಲ. ಅಷ್ಟರಲ್ಲಿಯೂ ಪ್ರಶ್ನೆಯೊಂದು ನಿಮಿಷಗಟ್ಟಲೆ ನಡೆದರೆ, ಎರಡು ಕೋಷ್ಟಕಗಳನ್ನು ಜೋಡಿಸುವಾಗ ಯಾವುದಕ್ಕೆ ಯಾವುದು ಎಂಬ ನಿಬಂಧನೆಯನ್ನು ಮರೆತಿದ್ದೇವೆಯೇ ಎಂದು ಮೊದಲು ನೋಡತಕ್ಕದ್ದು. 4,000 ಸಾಲುಗಳು ಇನ್ನೊಂದು 4,000 ಸಾಲುಗಳೊಡನೆ ಗುಣಿಸಿ 1,60,00,000 ಆಗುತ್ತವೆ. ಕೋಷ್ಟಕವು ನಿಜವಾಗಿಯೂ ದೊಡ್ಡದಾದಾಗ, ಉದಾಹರಣೆಗೆ ಶಾಸನಗಳ ಪ್ರತಿಯೊಂದು ಪದವೂ ಒಂದು ಸಾಲಾಗಿರುವ ಪದಕೋಷ್ಟಕದಲ್ಲಿ, ಸೂಚಿಯ ಅಗತ್ಯ ಬೀಳುತ್ತದೆ. ಇಂಡೆಕ್ಸ್ ಎನ್ನುವ ಈ ಸೂಚಿಯು ಕಿಟ್ಟೆಲರ ನಿಘಂಟಿನ ಅಕಾರಾದಿಯಂತೆಯೇ ಕೆಲಸಮಾಡುತ್ತದೆ. 'ಅಗ್ರ' ಎಂದು ಮೊದಲಾಗುವ ಪದಗಳನ್ನು ಅದರಲ್ಲಿ ಕೂಡಲೇ ತೆಗೆಯಬಹುದು. 'ಪುರ' ಎಂದು ಮುಗಿಯುವ ಪದಗಳನ್ನು ಕೇಳಿದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದದೆ ಗತಿಯಿಲ್ಲ. ಊರಹೆಸರುಗಳ ಅಧ್ಯಯನದಲ್ಲಿ ನಮಗೆ ಬೇಕಾಗುವುದು ಹೆಚ್ಚಾಗಿ ಹೆಸರಿನ ಕೊನೆಯೇ ಆದ್ದರಿಂದ, ಹೆಸರನ್ನು ಹಿಂದುಮುಂದಾಗಿ ಬರೆದ ಇನ್ನೊಂದು ಅಂಕಣವನ್ನು ಇಟ್ಟು ಅದಕ್ಕೆ ಸೂಚಿಯನ್ನು ಕಟ್ಟಿದೆವು, ತಡೆ ನಿವಾರಣೆಯಾಯಿತು. ತಾಲ್ಲೂಕು ಮತ್ತು ವರ್ಷ ಎಂಬ ಕ್ರಮದಲ್ಲಿ ಕಟ್ಟಿದ ಸೂಚಿಯು ವರ್ಷವನ್ನು ಮಾತ್ರ ಹಿಡಿದು ಹುಡುಕುವವರಿಗೆ ಅಷ್ಟಾಗಿ ಒದಗುವುದಿಲ್ಲ.

ಸೂಚಿಯಿದ್ದರೂ ಅದನ್ನು ನಿರರ್ಥಕಗೊಳಿಸುವ ಪ್ರಶ್ನೆಗಳುಂಟು. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯ ವರ್ಷದ ಶಾಸನಗಳು ಬೇಕೆಂದು 'ಶಕವರ್ಷಕ್ಕೆ 78 ಕೂಡಿಸಿದರೆ 1117 ಆಗುವ ಸಾಲುಗಳು' ಎಂದು ಕೇಳಿದರೆ ಯಂತ್ರವು ಪ್ರತಿಯೊಂದು ಸಾಲಿನಲ್ಲಿಯೂ ಸಂಕಲನವನ್ನು ಮಾಡಿ ನೋಡುತ್ತದೆ. 'ಶಕವರ್ಷವು 1039 ಆಗಿರುವ ಸಾಲುಗಳು' ಎಂದರೆ ಸೂಚಿಯಿಂದ ನೇರವಾಗಿ ಹೋಗುತ್ತದೆ. ಯಾವ ದಾರಿಯನ್ನು ಹಿಡಿಯಿತೆಂಬುದನ್ನು ಪ್ರಶ್ನೆಯ ಮುಂದೆ 'ಎಕ್ಸ್‌ಪ್ಲೇನ್' ಎಂದು ಸೇರಿಸಿ ಅದರ ಬಾಯಿಂದಲೇ ಹೇಳಿಸಬಹುದು. ಸಾವಿರಾರು ಸಾಲುಗಳನ್ನು ಒಮ್ಮೆಗೇ ತುಂಬಿದ ಮೇಲೆ 'ಅನಲೈಸ್' ಎಂಬ ಆಜ್ಞೆಯಿಂದ ಅದರ ಅಂದಾಜುಗಳನ್ನು ಹೊಸದುಮಾಡದಿದ್ದರೆ ಅದು ಹಳೆಯ ಅಳತೆಯನ್ನು ನಂಬಿ ಕೆಟ್ಟ ದಾರಿಯನ್ನು ಹಿಡಿಯುವುದೂ ಉಂಟು. ಸೂಚಿಗಳನ್ನು ಎಲ್ಲ ಅಂಕಣಗಳಿಗೂ ಕಟ್ಟುವುದು ಬೇಡ. ಹೊಸ ಸಾಲನ್ನು ತುಂಬಿದಾಗಲೆಲ್ಲ ಅವೆಲ್ಲವನ್ನೂ ತಿದ್ದಬೇಕಾಗುತ್ತದೆ. ಎಲ್ಲವೂ ಸರಿಯಿದ್ದು ಒಂದು ತಿದ್ದುಪಡಿ ಮಾತ್ರ ಮುಗಿಯದೆ ನಿಂತಿದ್ದರೆ, ಯಾರೋ ಒಬ್ಬರು ವ್ಯವಹಾರವನ್ನು ತೆರೆದು ಮುಗಿಸದೆ ಊಟಕ್ಕೆ ಹೋಗಿರುತ್ತಾರೆ. ಅವರು ಮುಟ್ಟಿದ ಸಾಲುಗಳು ಅವರು ಬರುವವರೆಗೂ ಬಿಡುಗಡೆಯಾಗುವುದಿಲ್ಲ.

ಹಿಂದಕ್ಕೆ ತೆಗೆದುಕೊಂಡ ಲೇಖನದ ಲೆಕ್ಕವನ್ನು ಈಗ ಮೊದಲಿಂದ ಮಾಡುತ್ತಿದ್ದೇನೆ. ಪ್ರತಿ ಶತಮಾನದಿಂದಲೂ ಹತ್ತು ಶಾಸನಗಳನ್ನು ಸಂಪುಟದಿಂದ ನೇರವಾಗಿ ಕೈಯಲ್ಲಿ ಕೂಡಿ ಯಂತ್ರದ ಮೊತ್ತದೊಡನೆ ಹೋಲಿಸುವ ಕೆಲಸವು ಹದಿಮೂರನೆಯ ಶತಮಾನದವರೆಗೆ ಬಂದಿದೆ. ಅದು ಮುಗಿದ ಬಳಿಕ ಲೇಖನವನ್ನು, ಅದರಲ್ಲಿ ಬಳಸಿದ ಪ್ರಶ್ನೆಗಳ ಪೂರ್ಣಪಾಠವನ್ನು ಅನುಬಂಧವಾಗಿ ಸೇರಿಸಿ, ಇದೇ ಪತ್ರಿಕೆಯ ಸಂಪಾದಕರಿಗೆ ಒಪ್ಪಿಸುವೆನು.